ಅಜ್ಜಿಯ ಅಕ್ಕ ಮತ್ತು 1918ರ ಜ್ವರ

ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗಲೆಲ್ಲ ನನ್ನ ಅಜ್ಜಿ ತನ್ನ ಅಕ್ಕನನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. 1918ರ ನವರಾತ್ರಿಯಲ್ಲಿ ಏಳು ತಿಂಗಳ ಬಸುರಿಯಾಗಿದ್ದ ಆ ಅಕ್ಕ, ಜ್ವರ ಬಂದ ನಾಲ್ಕನೆಯ ದಿನ ತೀರಿಕೊಂಡಳು. "ಬೇಡವೆಂದರೂ ಮಳೆಯಲ್ಲಿ ನೀರಿಗೆ ಹೋದಳು, ಶೀತ ಹಿಡಿಯಿತು" ಎಂಬುದು ಮನೆಯವರ ತೀರ್ಮಾನ. ಸತ್ತವಳ ಮೇಲೆಯೇ ತಪ್ಪು!

ಆ ವರ್ಷ ಮುಂಬಯಿಯಿಂದ ರೈಲುಮಾರ್ಗಗಳ ಗುಂಟ ಹರಡಿದ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಬಸುರಿಯರ ಪಾಲಿಗಂತೂ ಅದು ಬಲು ಕ್ರೂರ. ಅಮೆರಿಕದ ವೈದ್ಯ ಹ್ಯಾರಿಸ್ 1919ರಲ್ಲಿ ಈ ಜ್ವರ ತಗಲಿದ 1350 ಗರ್ಭಿಣಿಯರ ವಿವರ ಕಲೆಹಾಕಿದಾಗ ನೂರಕ್ಕೆ 27 ಮಂದಿ ಮೃತರಾಗಿದ್ದರು. ಗರ್ಭ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಿರಿದಾಗುತ್ತದೆ, ಹೃದಯಕ್ಕೆ ಭಾರ ಹೆಚ್ಚುತ್ತದೆ. ನೀರಿಗೆ ಹೋದುದಕ್ಕೂ ಆ ಸಾವಿಗೂ ಸಂಬಂಧವಿರಲಿಲ್ಲ.

ಆಗ ಲಸಿಕೆಯಿರಲಿಲ್ಲ, ಅದು ಬಂದದ್ದು 1940ರ ದಶಕದಲ್ಲಿ. 1957ರ ಏಷ್ಯನ್ ಫ್ಲೂ ಮತ್ತೆ ಗರ್ಭಿಣಿಯರನ್ನು ಬಲಿ ಪಡೆದ ಮೇಲೆ, 1960ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಲಸಿಕೆಯನ್ನು ಶಿಫಾರಸು ಮಾಡಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನೇ ಮೊದಲ ಆದ್ಯತೆಯಲ್ಲಿರಿಸಿತು. ಇದಕ್ಕೆ ಬಲ ಕೊಟ್ಟದ್ದು ನಮ್ಮ ನೆರೆಯ ಢಾಕಾ ನಗರ. ಅಲ್ಲಿ 340 ತಾಯಂದಿರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನಲ್ಲಿ ಫ್ಲೂ ಲಸಿಕೆ ಪಡೆದವರ ಶಿಶುಗಳಿಗೆ ಆ ರೋಗ ಶೇಕಡಾ 63ರಷ್ಟು ಕಡಿಮೆಯಾಗಿತ್ತು. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ. ತಾಯಿಯ ರಕ್ತದಿಂದ ಬಂದುದೇ ಅದರ ರಕ್ಷೆ. (ಗಣಿತದ ಮೇಷ್ಟ್ರಿಗೆ ಅಂಕಿಗಳ ಮೋಹ, ಕ್ಷಮಿಸಿ.)

ಇದನ್ನೆಲ್ಲ ಓದುವಂತೆ ಮಾಡಿದ್ದು ಹಳೆಯ ಶಿಷ್ಯೆಯೊಬ್ಬಳ ದೂರವಾಣಿ ಕರೆ. ವೈದ್ಯರು ಫ್ಲೂ ಲಸಿಕೆ ಹೇಳಿದ್ದಾರೆ, ಬಸುರಿಗೆ ಸೂಜಿ ಏಕೆಂದು ಅತ್ತೆ ಬೇಡವೆನ್ನುತ್ತಾರೆ, "ಏನು ಮಾಡಲಿ ಸಾರ್?" ಎಂದಳು. ಚುಚ್ಚುವುದು ಸತ್ತ ವೈರಾಣು, ಅದರಿಂದ ಫ್ಲೂ ಬರಲಾರದು ಎಂದೆ. "ನಿನ್ನ ಅತ್ತೆಯವರೂ ಬಸುರಿಯಾಗಿದ್ದಾಗ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆಯೇ ಕೇಳು" ಎಂದೂ ಸೇರಿಸಿದೆ. ನರ್ಸಮ್ಮಂದಿರು ಮನೆಮನೆಗೆ ಹೋಗಿ, ಕೂತು ಮಾತನಾಡಿ ಒಪ್ಪಿಸಿದ ಆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆಗಳೊಡನೆ ಸೇರಿ, ಭಾರತದಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು 2015ರ ಹೊತ್ತಿಗೆ ನಿವಾರಿಸಿತು. ಫ್ಲೂ ಲಸಿಕೆಗೆ ಆ ಭಾಗ್ಯ ಇನ್ನೂ ಒದಗಿಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಅದಿಲ್ಲ, ಕೈಯಿಂದ ಹಣ ಕೊಡಬೇಕು.

ಅವಳು ಹಾಕಿಸಿಕೊಂಡಳಂತೆ, ಅತ್ತೆಯೇ ಜೊತೆಗೆ ಹೋಗಿದ್ದರಂತೆ.

ಹ್ಯಾರಿಸರ ಲೆಕ್ಕ ನನ್ನ ಕಣ್ಣಿಗೆ ಬಿದ್ದದ್ದು ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ. ಅಕ್ಕ ಮಳೆಯಲ್ಲಿ ನೀರಿಗೆ ಹೋದುದೇ ತಪ್ಪಾಯಿತೆಂದು ಆಕೆ ಕೊನೆಯವರೆಗೂ ನಂಬಿದ್ದಳು.