ಆತ್ಮಾವಲೋಕನ ಮತ್ತು ರೂಢಿ: ಮೌಲ್ಯ ರೂಪಣೆಯ ಚಿಂತನೆ ಬೆಳೆದ ಬಗೆ

ವ್ಯಕ್ತಿಯೊಬ್ಬನ ಮೌಲ್ಯಗಳು, ಅಂದರೆ ಯಾವುದನ್ನು ಮಾಡಬೇಕು, ಯಾವುದನ್ನು ಎಂದಿಗೂ ಮಾಡಬಾರದು ಎಂಬ ಬಗ್ಗೆ ಆತನಲ್ಲಿ ನೆಲೆನಿಂತ ನಿಲುವುಗಳು, ಉಪದೇಶದಿಂದ ಬರುತ್ತವೆಯೇ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದರಿಂದ ಬರುತ್ತವೆಯೇ, ಇಲ್ಲವೇ ದಿನದಿನವೂ ಮಾಡುತ್ತ ಹೋದ ಕೆಲಸಗಳಿಂದ ಮೈಗೂಡುತ್ತವೆಯೇ ಎಂಬುದು ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಪ್ರಶ್ನೆ. ಬಹುಕಾಲ ಅದು ಧರ್ಮ ಮತ್ತು ತತ್ತ್ವಶಾಸ್ತ್ರಗಳ ವಿಷಯವಾಗಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮನೋವಿಜ್ಞಾನದ ಕೈಗೆ ಬಂತು. ಹಳೆಯ ಪರಂಪರೆಗಳು ಒಟ್ಟಿಗೇ ಇಟ್ಟುಕೊಂಡಿದ್ದ ಆತ್ಮಾವಲೋಕನ ಮತ್ತು ರೂಢಿಗಳನ್ನು ಮನೋವಿಜ್ಞಾನ ಬೇರೆಬೇರೆಯಾಗಿ ಅಳೆದು ನೋಡಿತು. ಹಾಗೆ ಅಳೆಯುವಾಗ ಆ ಪರಂಪರೆಗಳಲ್ಲಿದ್ದ ಮೂರನೆಯ ಅಂಶ, ಅಂದರೆ ದಿನದ ಲೆಕ್ಕವನ್ನು ಕೇಳುವ ಇನ್ನೊಬ್ಬ ವ್ಯಕ್ತಿ, ಬಹುಮಟ್ಟಿಗೆ ಕಣ್ಮರೆಯಾಯಿತು.

ರೂಢಿಗೆ ಮೊದಲ ಸ್ಥಾನ ಕೊಟ್ಟವರಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲ್ ಪ್ರಮುಖ. ಮನೆ ಕಟ್ಟುತ್ತ ಕಟ್ಟುತ್ತಲೇ ಒಬ್ಬ ಕಟ್ಟಡಗಾರನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆಂಬುದು ‘ನಿಕೊಮಾಕಿಯನ್ ಎಥಿಕ್ಸ್’ ಗ್ರಂಥದ ಎರಡನೆಯ ಭಾಗದ ವಾದ. ಸದ್ಗುಣವೆಂಬುದು ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಗಟ್ಟಿಯಾದ ಮನೋಸ್ಥಿತಿ ಎಂಬ ಈ ನಿಲುವು ಪಶ್ಚಿಮದ ನೀತಿಚಿಂತನೆಗೆ ಅಡಿಪಾಯವಾಯಿತಾದರೂ, ಗೃಹಸ್ಥನೊಬ್ಬ ಇಂದು ಸಂಜೆ ಕುಳಿತು ಏನು ಮಾಡಬೇಕು ಎಂಬ ವಿಧಾನವನ್ನು ಅದು ಹೇಳಲಿಲ್ಲ.

ವಿಧಾನದ ವಿಷಯದಲ್ಲಿ ಭಾರತದ ಶ್ರಮಣ ಪರಂಪರೆಗಳು ಹೆಚ್ಚು ಖಚಿತವಾಗಿದ್ದವು. ಪಾಲಿ ತ್ರಿಪಿಟಕದ ಮಜ್ಝಿಮ ನಿಕಾಯದಲ್ಲಿ ಬುದ್ಧನು ತನ್ನ ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಮಾಡಿದ ಉಪದೇಶವೊಂದಿದೆ. ಕಾಯ, ಮಾತು, ಮನಸ್ಸುಗಳಿಂದ ಮಾಡುವ ಪ್ರತಿಯೊಂದು ಕ್ರಿಯೆಯನ್ನೂ ಮಾಡುವ ಮೊದಲು, ಮಾಡುವಾಗ ಮತ್ತು ಮಾಡಿದ ಮೇಲೆ, ಹೀಗೆ ಮೂರು ಸಲ ಪರಿಶೀಲಿಸಬೇಕು. ಮಾತಿನಿಂದಲೋ ಕೈಯಿಂದಲೋ ತಪ್ಪಾಗಿದ್ದರೆ ಗುರುವಿನ ಅಥವಾ ತಿಳಿದ ಸಹಚರರ ಮುಂದೆ ಅದನ್ನು ಹೇಳಿಕೊಳ್ಳಬೇಕು ಎಂಬುದು ಅದರ ಸಾರ. ರಾಜಸ್ಥಾನದ ಬೈರಾಟ್‌ನಲ್ಲಿ ದೊರೆತ ಅಶೋಕನ ಶಾಸನವು ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಸಾಲಿನಲ್ಲಿ ಸುಳ್ಳನ್ನು ಕುರಿತು ರಾಹುಲನಿಗೆ ಹೇಳಿದ ಮಾತನ್ನೂ ಸೇರಿಸಿರುವುದರಿಂದ, ಈ ಉಪದೇಶ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಹೆಸರಾಗಿತ್ತೆಂದು ತಿಳಿಯುತ್ತದೆ.

ಜೈನರು ಇದನ್ನೇ ದಿನಚರಿಯ ಕಟ್ಟುಪಾಡಾಗಿಸಿದರು. ಮುನಿಗಳು ತಪ್ಪದೆ ಮಾಡಬೇಕಾದ ಆರು ನಿತ್ಯವಿಧಿಗಳಾದ ಷಡಾವಶ್ಯಕಗಳಲ್ಲಿ ಪ್ರತಿಕ್ರಮಣವೂ ಒಂದು. ವ್ರತದ ಗೆರೆ ದಾಟಿದ್ದಲ್ಲಿ ಅದನ್ನು ನೆನೆದು, ಒಪ್ಪಿಕೊಂಡು, ಮರಳಿ ವ್ರತದೊಳಕ್ಕೆ ಬರುವುದೇ ಪ್ರತಿಕ್ರಮಣ. ಹಗಲಿನ ತಪ್ಪಿಗೊಂದು, ರಾತ್ರಿಯ ತಪ್ಪಿಗೊಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ವರ್ಷಕ್ಕೊಂದು ಎಂದು ಅದಕ್ಕೆ ಕಾಲನಿಯಮವಿದೆ. ಅದಕ್ಕಿಂತಲೂ ಗಮನಾರ್ಹವಾದದ್ದು ತಪ್ಪುಗಳ ಪಟ್ಟಿ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಲೆ ಹಚ್ಚುವ ನಡೆಗಳನ್ನು ಹೇಳುತ್ತದೆ. ಕಳ್ಳತನ ಮಾಡೆನೆಂಬ ವ್ರತ ಹಿಡಿದವನು ಕದ್ದ ಮಾಲನ್ನು ಕೊಳ್ಳಬಾರದು, ತೂಕ ಅಳತೆಗಳಲ್ಲಿ ಮೋಸ ಮಾಡಬಾರದು, ಕಲಬೆರಕೆ ಮಾಡಬಾರದು. ಸತ್ಯವ್ರತ ಹಿಡಿದವನು ಖೊಟ್ಟಿ ಪತ್ರ ಬರೆಯಬಾರದು, ಇಟ್ಟ ನ್ಯಾಸವನ್ನು ನುಂಗಬಾರದು. ಅಸ್ತೇಯವೆಂಬ ದೊಡ್ಡ ಮಾತು ಹೀಗೆ ಅಂಗಡಿಯ ತಕ್ಕಡಿಯವರೆಗೆ ಇಳಿದು ಬಂದದ್ದು ಮುಂದೆ ಇಪ್ಪತ್ತನೆಯ ಶತಮಾನದ ಸಂಶೋಧನೆಯ ಬೆಳಕಿನಲ್ಲಿ ಬಹಳ ಮಹತ್ತ್ವದ ಸಂಗತಿಯಾಗಿ ಕಾಣುತ್ತದೆ.

ರೋಮಿನ ಸ್ಟೋಯಿಕ್ ಚಿಂತಕ ಸೆನೆಕ ಕ್ರಿಸ್ತಶಕ ಮೊದಲ ಶತಮಾನದಲ್ಲಿ ಕೋಪವನ್ನು ಕುರಿತು ಬರೆದ ಗ್ರಂಥದಲ್ಲಿ ತನ್ನ ರಾತ್ರಿಯ ಪದ್ಧತಿಯನ್ನು ವಿವರಿಸಿದ್ದಾನೆ. ದೀಪ ಸರಿಸಿದ ಮೇಲೆ, ಈ ರೂಢಿಯನ್ನು ಬಲ್ಲ ಹೆಂಡತಿ ಮೌನವಾದ ಮೇಲೆ, ಆತ ಇಡೀ ದಿನದ ನಡೆನುಡಿಗಳನ್ನು ಒಂದನ್ನೂ ಮುಚ್ಚಿಡದೆ ವಿಚಾರಣೆಗೆ ಒಡ್ಡಿಕೊಳ್ಳುತ್ತಿದ್ದ. ಇಲ್ಲಿ ಅಪರಾಧಿಯೂ ನ್ಯಾಯಾಧೀಶನೂ ಒಬ್ಬನೇ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಚಿತ್ರ ಬೇರೆಯಾಗುತ್ತದೆ. ಅರಿವು ಆಚಾರದಲ್ಲಿ ಕಾಣದಿದ್ದರೆ ಅರಿವೇ ಅಲ್ಲವೆಂದ ಆ ಚಳವಳಿ ಅಂಗೈಯ ಇಷ್ಟಲಿಂಗದ ನಿತ್ಯಪೂಜೆಯನ್ನೂ ದಿನದ ದುಡಿಮೆಯಾದ ಕಾಯಕವನ್ನೂ ಸಮಾನ ಸಾಧನೆಗಳೆಂದು ಕಂಡಿತು. ಪರಂಪರೆ ಹೇಳುವ ಪ್ರಕಾರ, ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದು ಅಗತ್ಯದ ಅಕ್ಕಿಯಲ್ಲ, ಆಸೆಯ ಅಕ್ಕಿಯೆಂದು ಗುರುತಿಸಿ, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬರಲು ಹೇಳುತ್ತಾಳೆ. ಸೆನೆಕನ ಪತ್ನಿ ಮೌನವಾಗಿರುವಲ್ಲಿ ಲಕ್ಕಮ್ಮ ಪ್ರಶ್ನಿಸುತ್ತಾಳೆ. ಮಾರಯ್ಯನ ಕಣ್ಣಿಗೆ ಬೀಳದ ಲೋಭವನ್ನು ಮೊರದಲ್ಲಿನ ಅಕ್ಕಿಯ ಅಳತೆಯಿಂದಲೇ ಆಕೆ ಕಂಡುಹಿಡಿಯುತ್ತಾಳೆ.

ಆತ್ಮಪರೀಕ್ಷೆಯನ್ನು ಕಾಗದದ ಮೇಲೆ ಎಣಿಸುವ ಪದ್ಧತಿಗೆ ಯೂರೋಪಿನಲ್ಲಿ ಹೆಸರಾದ ಮಾದರಿ ಯೇಸು ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾನದು. 1548ರಲ್ಲಿ ಮುದ್ರಣಗೊಂಡ ಆತನ ‘ಆಧ್ಯಾತ್ಮಿಕ ಸಾಧನೆಗಳು’ ಒಂದು ದೋಷವನ್ನು ಮಾತ್ರ ಹಿಡಿದುಕೊಂಡು, ಬೆಳಗ್ಗೆ ನಿಶ್ಚಯಿಸಿ, ಮಧ್ಯಾಹ್ನ ಮತ್ತು ರಾತ್ರಿ ಊಟದ ನಂತರ ಎಷ್ಟು ಸಲ ಎಡವಿದ್ದಾಯಿತೆಂದು ಗೆರೆಯ ಮೇಲೆ ಚುಕ್ಕೆಗಳನ್ನಿಟ್ಟು, ದಿನಕ್ಕೆ ದಿನವನ್ನೂ ವಾರಕ್ಕೆ ವಾರವನ್ನೂ ಹೋಲಿಸಬೇಕೆಂದು ವಿಧಿಸುತ್ತದೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿನೆಂಟನೆಯ ಶತಮಾನದಲ್ಲಿ ಇಂಥದೇ ಕೋಷ್ಟಕವನ್ನು ಯಾವ ಪಂಥದ ಹಂಗೂ ಇಲ್ಲದೆ ಬಳಸಿದ. ಹದಿಮೂರು ಗುಣಗಳು, ವಾರಕ್ಕೊಂದರ ಮೇಲೆ ವಿಶೇಷ ಗಮನ, ತಪ್ಪಿದಾಗ ಕಪ್ಪು ಚುಕ್ಕೆ, ವರ್ಷಕ್ಕೆ ನಾಲ್ಕು ಸುತ್ತು: ಇದು ಆತನ ಕಿರುಪುಸ್ತಕದ ಕ್ರಮ. ಮೊದಲ ಪಟ್ಟಿಯಲ್ಲಿದ್ದದ್ದು ಹನ್ನೆರಡೇ ಗುಣಗಳು. ಗರ್ವಿಷ್ಠನೆಂದು ಜನ ಭಾವಿಸುತ್ತಾರೆಂದು ಕ್ವೇಕರ್ ಪಂಥದ ಗೆಳೆಯನೊಬ್ಬ ಹೇಳಿದ ಮೇಲೆ ವಿನಯ ಹದಿಮೂರನೆಯದಾಗಿ ಸೇರಿತು. ಆಧುನಿಕ ಸ್ವಸಹಾಯ ಪುಸ್ತಕಗಳು ಫ್ರಾಂಕ್ಲಿನ್ನನ ಕೋಷ್ಟಕವನ್ನು ಉತ್ಸಾಹದಿಂದ ಎತ್ತಿಕೊಂಡು ಈ ಗೆಳೆಯನನ್ನು ಮರೆತುಬಿಡುವುದು ವಿಚಿತ್ರ. ಕೆಲಸಕಾರ್ಯಗಳ ಅಚ್ಚುಕಟ್ಟು ತನಗೆ ಕೊನೆಗೂ ಒಗ್ಗಲಿಲ್ಲವೆಂದು ಆತ ಇಳಿವಯಸ್ಸಿನಲ್ಲಿ ಬರೆದ ಆತ್ಮಕಥೆಯ ಭಾಗದಲ್ಲಿ ಒಪ್ಪಿಕೊಂಡಿದ್ದಾನೆ.

ಮನೋವಿಜ್ಞಾನದ ಅಧ್ಯಾಯ ವಿಲಿಯಂ ಜೇಮ್ಸ್‌ನಿಂದ ಆರಂಭವಾಗುತ್ತದೆ. 1890ರಲ್ಲಿ ಎರಡು ಸಂಪುಟಗಳಲ್ಲಿ ಬಂದ ‘ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ’ ಗ್ರಂಥದ ರೂಢಿಯನ್ನು ಕುರಿತ ಅಧ್ಯಾಯದಲ್ಲಿ ಆತ ರೂಢಿಯನ್ನು ನರಮಂಡಲದಲ್ಲಿ ಬೀಳುವ ಜಾಡೆಂದು ವಿವರಿಸಿ, ಹೊಸ ರೂಢಿ ಬೇರೂರುವ ತನಕ ಒಂದು ಸಲವೂ ತಪ್ಪಬಾರದೆಂಬ ಕಟ್ಟುನಿಟ್ಟಿನ ನಿಯಮವನ್ನು ಮಂಡಿಸಿದ. ಇದು ಅನುಭವಿ ಅಧ್ಯಾಪಕನ ಸಲಹೆಯಾಗಿತ್ತೇ ಹೊರತು ಅಳೆದು ನೋಡಿದ ಫಲಿತಾಂಶವಾಗಿರಲಿಲ್ಲ.

ಅಳೆಯುವ ಮೊದಲ ದೊಡ್ಡ ಪ್ರಯತ್ನ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಅವರದು. 1928ರಿಂದ 1930ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟವಾದ ಇವರ ಅಧ್ಯಯನವು ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ತರಗತಿಯ ಪರೀಕ್ಷೆ, ಆಟ, ಮನೆಗೆಲಸಗಳಲ್ಲಿ ನಕಲು ಮಾಡುವ, ಸುಳ್ಳು ಹೇಳುವ, ಹಣ ತೆಗೆದುಕೊಳ್ಳುವ ಅವಕಾಶಗಳನ್ನು ಗುಟ್ಟಾಗಿ ಒದಗಿಸಿ ಫಲಿತಾಂಶ ದಾಖಲಿಸಿತು. ಪರೀಕ್ಷೆಯಲ್ಲಿ ಪ್ರಾಮಾಣಿಕನಾದ ಹುಡುಗ ಆಟದಲ್ಲಿಯೂ ಹಾಗೆಯೇ ಇರುತ್ತಾನೆಂಬ ಖಾತರಿ ಇರಲಿಲ್ಲ. ಸರಿತಪ್ಪುಗಳನ್ನು ಚೆನ್ನಾಗಿ ಬಲ್ಲ ಮಕ್ಕಳೂ ಅವಕಾಶ ಸಿಕ್ಕಾಗ ಮೋಸ ಮಾಡುತ್ತಿದ್ದರು. ಪ್ರಾಮಾಣಿಕತೆಯೆಂಬುದು ಒಂದೇ ಇಡಿಯಾದ ಗುಣವಲ್ಲ, ಸಂದರ್ಭಕ್ಕೊಂದರಂತೆ ಕಲಿತ ರೂಢಿಗಳ ಗುಂಪು ಎಂಬ ಇವರ ತೀರ್ಮಾನವನ್ನು ನಂತರದವರು ಸಾಕಷ್ಟು ಮೃದುಗೊಳಿಸಿದ್ದಾರೆ. ಆದರೂ ನೀತಿಪಾಠದ ಮೇಲಿದ್ದ ಭರವಸೆಗೆ ಅದು ಕೊಟ್ಟ ಪೆಟ್ಟು ದೊಡ್ಡದು, ಮತ್ತು ತಕ್ಕಡಿಗೊಂದು, ದಾಖಲೆಪತ್ರಕ್ಕೊಂದು ಎಂದು ತಪ್ಪುಗಳನ್ನು ಬಿಡಿಬಿಡಿಯಾಗಿ ಹೆಸರಿಸಿದ ಜೈನ ಆಚಾರ್ಯರ ಜಾಣ್ಮೆ ಅರ್ಥವಾಗುವುದು ಇಲ್ಲಿಯೇ.

ಆತ್ಮಾವಲೋಕನದ ಬಗೆಗಿನ ಪ್ರಯೋಗಗಳು ತಡವಾಗಿ ಬಂದವು. ಗಮನ ತನ್ನ ಮೇಲೆ ತಿರುಗಿದಾಗ ಮನುಷ್ಯ ತನ್ನ ನಡತೆಯನ್ನು ತಾನೊಪ್ಪಿದ ಮಾನದಂಡದೊಡನೆ ಹೋಲಿಸಿಕೊಳ್ಳುತ್ತಾನೆಂಬ ಸಿದ್ಧಾಂತವನ್ನು ಶೆಲ್ಲಿ ಡುವಾಲ್ ಮತ್ತು ರಾಬರ್ಟ್ ವಿಕ್‌ಲಂಡ್ 1972ರಲ್ಲಿ ಮುಂದಿಟ್ಟರು. 1976ರಲ್ಲಿ ಎಡ್ ಡೀನರ್ ಮತ್ತು ಮಾರ್ಕ್ ವಾಲ್‌ಬಾಮ್ ನಡೆಸಿದ ಪ್ರಯೋಗದಲ್ಲಿ, ಸಮಯ ಮುಗಿದ ಗಂಟೆ ಬಾರಿಸಿದ ಮೇಲೂ ಉತ್ತರ ಬರೆಯುತ್ತ ಮೋಸ ಮಾಡಿದವರು ಸಾಮಾನ್ಯ ಕೋಣೆಯಲ್ಲಿ ಶೇ. 71ರಷ್ಟಿದ್ದರೆ, ಎದುರಿಗೆ ಕನ್ನಡಿಯಿಟ್ಟು ಅವರದೇ ಧ್ವನಿಯ ಮುದ್ರಿಕೆ ಕೇಳಿಸಿದಾಗ ಶೇ. 7ಕ್ಕೆ ಇಳಿದರು. ಸಂಖ್ಯೆಗಳು ಬೆರಗು ಹುಟ್ಟಿಸುತ್ತವೆ, ಆದರೆ ಕೋಣೆಯಿಂದ ಹೊರಬಂದ ಮೇಲೆ ಕನ್ನಡಿಯ ಪ್ರಭಾವ ಎಷ್ಟು ಹೊತ್ತು ಉಳಿಯುತ್ತದೆಂದು ಅವು ಹೇಳುವುದಿಲ್ಲ. ಆ ಕೊರತೆಯನ್ನು ಭಾಗಶಃ ತುಂಬಿದ್ದು ಮಿಲ್ಟನ್ ರೋಕಿಚ್‌ನ ಕೆಲಸ. ‘ಸ್ವಾತಂತ್ರ್ಯ’ವನ್ನು ಮೇಲಕ್ಕೂ ‘ಸಮಾನತೆ’ಯನ್ನು ಬಹಳ ಕೆಳಕ್ಕೂ ಇಟ್ಟ ವಿದ್ಯಾರ್ಥಿಗಳಿಗೆ, ಇದರರ್ಥ ತಮ್ಮ ಸ್ವಾತಂತ್ರ್ಯ ಮಾತ್ರ ತಮಗೆ ಮುಖ್ಯವೆಂದಲ್ಲವೇ ಎಂದು ಆತ ತೋರಿಸಿಕೊಟ್ಟ. ತಿಂಗಳುಗಳ ನಂತರ ಕರಿಯರ ಹಕ್ಕುಗಳ ಸಂಘಟನೆಯೊಂದರ ಸದಸ್ಯತ್ವದ ಪತ್ರ ಮನೆಗೆ ಬಂದಾಗ ಈ ವಿದ್ಯಾರ್ಥಿಗಳು ಉಳಿದವರಿಗಿಂತ ಹೆಚ್ಚಾಗಿ ಸ್ಪಂದಿಸಿದರು. ಅವರ ವಿರೋಧಾಭಾಸವನ್ನು ಅವರಿಗೆ ತೋರಿಸಿದ್ದು ಇನ್ನೊಬ್ಬರೇ ಎಂಬುದನ್ನು ಇಲ್ಲಿಯೂ ಗಮನಿಸಬೇಕು.

ರೂಢಿಯ ಅಧ್ಯಯನ ಹೊಸ ಸಹಸ್ರಮಾನದಲ್ಲಿ ಮರುಜೀವ ಪಡೆಯಿತು. ಹೊಸ ರೂಢಿಗೆ ಇಪ್ಪತ್ತೊಂದು ದಿನ ಸಾಕೆಂಬ ಜನಪ್ರಿಯ ನಂಬಿಕೆಯ ಬೇರು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಲ್ಲಿದೆ. ಬದಲಾದ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕನಿಷ್ಠ ಅಷ್ಟು ಕಾಲ ಬೇಕೆಂದು ಆತ ಗಮನಿಸಿದ್ದ. ಲಂಡನ್ನಿನಲ್ಲಿ ಫಿಲಿಪ್ಪ ಲಾಲಿ ಮತ್ತು ಸಹೋದ್ಯೋಗಿಗಳು 96 ಮಂದಿಯನ್ನು 84 ದಿನ ಅನುಸರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೂಢಿ ನೆಲೆಗೊಳ್ಳಲು ಬೇಕಾದ ಕಾಲದ ಮಧ್ಯಾಂಕ 66 ದಿನಗಳೆಂದೂ ವ್ಯಾಪ್ತಿ 18ರಿಂದ 254 ದಿನಗಳೆಂದೂ ಕಂಡುಬಂತು. ಅಧ್ಯಯನದ ಅವಧಿಗಿಂತ 254 ದೊಡ್ಡದಾದ್ದರಿಂದ ಅದು ಲೆಕ್ಕಾಚಾರದ ಅಂದಾಜು. ಒಂದು ದಿನ ತಪ್ಪಿದರೆ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲವೆಂಬ ಫಲಿತಾಂಶ ಮಾತ್ರ ಜೇಮ್ಸ್‌ನ ನಿಯಮವನ್ನು ನೇರವಾಗಿ ಸಡಿಲಿಸಿತು. ಇತ್ತ 1998ರಿಂದ ಹೆಸರುಮಾಡಿದ್ದ, ಮನೋಬಲ ಬಳಸಿದಷ್ಟೂ ಬರಿದಾಗುತ್ತದೆಂಬ ಸಿದ್ಧಾಂತವು 2016ರಲ್ಲಿ 23 ಪ್ರಯೋಗಾಲಯಗಳ ಮರುಪರೀಕ್ಷೆಯಲ್ಲಿ ಬಹುತೇಕ ಶೂನ್ಯ ಪರಿಣಾಮ ತೋರಿ ದುರ್ಬಲಗೊಂಡದ್ದರಿಂದ, ಸಂಯಮಿಗಳು ಆಸೆಯೊಡನೆ ಸದಾ ಹೋರಾಡುವವರಲ್ಲ, ಹೋರಾಟವೇ ಬಾರದಂತೆ ರೂಢಿಗಳನ್ನು ಕಟ್ಟಿಕೊಂಡವರು ಎಂಬ ವಿವರಣೆಗೆ ಹೆಚ್ಚು ಬೆಲೆ ಬಂತು.

ಬೇರ್ಪಟ್ಟಿದ್ದ ಎರಡು ಅಧ್ಯಯನಗಳು ಈಗ ಮತ್ತೆ ಹತ್ತಿರ ಬರುತ್ತಿವೆ. ಬಾಸ್ ವರ್‌ಪ್ಲಾಂಕೆನ್ ಮತ್ತು ಜಿ ಸುಯಿ 2019ರಲ್ಲಿ ತೋರಿಸಿದಂತೆ, ರೂಢಿಯೊಂದನ್ನು ವ್ಯಕ್ತಿ ತನ್ನ ನಿಜವಾದ ಸ್ವರೂಪದ ಭಾಗವೆಂದು ಭಾವಿಸುವುದು ಅದು ತನಗೆ ಮುಖ್ಯವಾದ ಮೌಲ್ಯಕ್ಕೆ ಸೇರಿದ್ದೆಂದು ಆತ ಕಂಡುಕೊಂಡಾಗ. ಆದರೆ ಲಾಲಿಯ ಅಧ್ಯಯನದಲ್ಲಿದ್ದವರು ಆರಿಸಿಕೊಂಡದ್ದು ಹಣ್ಣು ತಿನ್ನುವ, ನೀರು ಕುಡಿಯುವ, ವ್ಯಾಯಾಮ ಮಾಡುವ ರೂಢಿಗಳನ್ನು. ಊಟದ ಹೊತ್ತು ಬಂದರೆ ಹಣ್ಣಿನ ನೆನಪಾಗುವಂತೆ ಸತ್ಯ ಹೇಳುವುದನ್ನು ನೆನಪಿಸುವ ನಿಗದಿತ ಹೊತ್ತೊಂದಿಲ್ಲ. ಹಳೆಯ ಪರಂಪರೆಗಳು ಈ ತೊಡಕನ್ನು ದಾಟಿದ ಬಗೆ ಬೇರೆ: ರೂಢಿಯಾಗಿಸಿದ್ದು ಗುಣವನ್ನಲ್ಲ, ಅದರ ಪರೀಕ್ಷೆಯನ್ನು. ಈ ಪರೀಕ್ಷೆಯ ಫಲವನ್ನು ಅಳೆಯಹೊರಟವರಿಗೆ ಎದುರಾಗುವ ಕಷ್ಟ ಸಣ್ಣದಲ್ಲ. ಕಪ್ಪು ಚುಕ್ಕೆಗಳನ್ನು ಇಡುವವನು ಪ್ರಾಮಾಣಿಕನಾದಷ್ಟೂ ಪುಟದಲ್ಲಿ ಚುಕ್ಕೆಗಳು ಹೆಚ್ಚುತ್ತವೆಯಾದ್ದರಿಂದ ಸ್ವಂತ ದಾಖಲೆಯನ್ನು ನೆಚ್ಚುವಂತಿಲ್ಲ; ಹೊರಗಿನಿಂದ ಅಳೆಯೋಣವೆಂದರೆ, ಮಕ್ಕಳ ಪ್ರಾಮಾಣಿಕತೆಯನ್ನು ತಿಳಿಯಲು ಹಾರ್ಟ್‌ಶೋರ್ನ್ ಮತ್ತು ಮೇ ಮೊದಲು ಆ ಮಕ್ಕಳಿಗೇ ಮೋಸ ಮಾಡಬೇಕಾಯಿತು.