ಮೊದಲು ಯಾವುದು, ಅನಂತರ ಯಾವುದು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು ಹಳೆಯ ದೇಗುಲಗಳ ಊರು, ಶಾಸನಗಳ ಊರು. ಕೃಷ್ಣೆ ತುಂಗಭದ್ರೆಯರ ನಡುವಣ ಈ ಎಡೆದೊರೆನಾಡಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಹೊರಟವರಿಗೆ ಲಿಪಿಗಿಂತ ಹೆಚ್ಚಿನ ತೊಡಕನ್ನು ತಂದೊಡ್ಡುವುದು ವಾಕ್ಯ. ಒಂದೇ ವಾಕ್ಯ ಹತ್ತಾರು ಪಂಕ್ತಿಗಳವರೆಗೆ ಹರಿಯುತ್ತದೆ. ಆ ಉದ್ದದ ಹಿಂದಿರುವ ಕಟ್ಟುನಿಟ್ಟನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಏಕೆಂದರೆ ನಮ್ಮ ಕಾಲದ ಗಣಕಯಂತ್ರದ ಭಾಷೆಯೊಂದು ಇದೇ ವಿಷಯದಲ್ಲಿ ಬಹುಕಾಲ ತೊಡಕಿಕೊಂಡಿತ್ತು.

ಶಾಸನದ ರೀತಿ ಹೀಗೆ: ಚಕ್ರವರ್ತಿಯ ರಾಜ್ಯವು ‘ಸಲುತ್ತಮಿರೆ’, ಅವನ ಪಾದಪದ್ಮೋಪಜೀವಿಯಾದ ಅಧಿಕಾರಿಯು ಇಂಥ ಪುಣ್ಯತಿಥಿಯಂದು ಆಚಾರ್ಯರ ‘ಕಾಲಂ ಕರ್ಚಿ’, ‘ಧಾರಾಪೂರ್ವಕಂ ಮಾಡಿ’ ಭೂಮಿಯನ್ನು ಬಿಟ್ಟನು. ಇಲ್ಲಿ ‘ಇರೆ’ ಎಂಬ ರೂಪವು ಒಬ್ಬನ ಸ್ಥಿತಿಯನ್ನು ಹಿನ್ನೆಲೆಯಾಗಿ ನಿಲ್ಲಿಸಿ, ಕಾರ್ಯವನ್ನು ಇನ್ನೊಬ್ಬನಿಗೆ ಒಪ್ಪಿಸುತ್ತದೆ. ‘ಕರ್ಚಿ’, ‘ಮಾಡಿ’ ಎಂಬ ಕೃದಂತಗಳು ಒಬ್ಬನೇ ಕರ್ತೃವಿನ ಕಾರ್ಯಗಳನ್ನು ಒಂದರ ಹಿಂದೆ ಒಂದಾಗಿ ಪೋಣಿಸುತ್ತವೆ. ಸಂಸ್ಕೃತದ ಇಂಥ ರೂಪಕ್ಕೆ ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ಎರಡು ನಿಬಂಧನೆಗಳನ್ನು ಇಟ್ಟಿದ್ದಾನೆ: ಎರಡು ಕ್ರಿಯೆಗಳಿಗೂ ಕರ್ತೃ ಒಬ್ಬನೇ ಆಗಿರಬೇಕು, ಮತ್ತು ಈ ರೂಪ ಪಡೆದ ಕ್ರಿಯೆ ಮೊದಲು ನಡೆದಿರಬೇಕು. ಕನ್ನಡವೂ ಸಾಮಾನ್ಯವಾಗಿ ಇದೇ ಜಾಡಿನಲ್ಲಿ ನಡೆಯುತ್ತದೆ. ‘ಉಂಡು ಹೋದ’ ಎಂದರೆ ಊಟ ಮೊದಲು. ‘ಹೋಗಿ ಉಂಡ’ ಎಂದರೆ ಪ್ರಯಾಣ ಮೊದಲು.

ಇದು ಕೇವಲ ವ್ಯಾಕರಣದ ಮಾತಲ್ಲ. ನೀರೆರೆದ ಮೇಲೆ ಭೂಮಿ ದಾನಿಯದಲ್ಲ, ದೇವರದು. ಹಕ್ಕು ಕೈಬದಲಾಗುವ ಘಳಿಗೆಯನ್ನು ಕಲ್ಲು ಹೇಳಬೇಕು, ಮುಂದೆ ತಕರಾರು ಬಂದಾಗ ಅದೇ ಸಾಕ್ಷಿಯಾಗಬೇಕು. ಇನ್ನೊಂದು ಸಂಗತಿಯೂ ಗಮನಾರ್ಹ. ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವುದು ಎಂಬ ವಿವರ ಅನೇಕ ಶಾಸನಗಳಲ್ಲಿ ದಾನದ ಮಾತು ಮುಗಿದ ಮೇಲೆ ಬರುತ್ತದೆ. ಆದರೆ ಯಾವ ಭೂಮಿಯೆಂಬುದು ನಿಶ್ಚಯವಾಗದೆ ಕೊಡುವುದೆಂತು? ಬರೆದ ಕ್ರಮ ಒಂದು, ನಡೆದ ಕ್ರಮ ಇನ್ನೊಂದು.

ಗಣಕಯಂತ್ರದ ತೊಡಕು ಹುಟ್ಟಿದ್ದು ಈ ಭೇದದಲ್ಲಿಯೇ. ಅಲ್ಲಿಯೂ ಒಂದು ವಸ್ತುವಿಗೆ ಆಜ್ಞೆಗಳನ್ನು ಸರಪಳಿಯಾಗಿ ಕೊಡುವ ಪದ್ಧತಿಯುಂಟು. ಒಂದರ ಫಲ ಮುಂದಿನದಕ್ಕೆ ಆಧಾರ. ‘ನಮ್ಮ ಹಳೆಯ ಊರು ದೊಡ್ಡದು’ ಎಂಬ ವಾಕ್ಯವಿದೆಯೆನ್ನಿ. ಮೊದಲ ಪದವನ್ನು ತೆಗೆ. ಬಳಿಕ ‘ಹಳೆಯ’ ಎಂಬುದು ಎಷ್ಟನೆಯ ಪದವೆಂದು ಹುಡುಕಿ, ಆ ಸ್ಥಾನದಲ್ಲಿ ‘ಹೊಸ’ ಎಂದು ಇಡು — ಇದು ಆಜ್ಞೆ. ತೆಗೆದ ಮೇಲೆ ಹುಡುಕಿದರೆ ಸ್ಥಾನ 1. ‘ಹೊಸ ಊರು ದೊಡ್ಡದು’ ಎಂದಾಗುತ್ತದೆ. ತೆಗೆಯುವ ಮುನ್ನವೇ ಹುಡುಕಿಟ್ಟುಕೊಂಡರೆ ಸ್ಥಾನ 2. ಫಲ ‘ಹಳೆಯ ಹೊಸ ದೊಡ್ಡದು’! ಊರೇ ಮಾಯವಾಯಿತು.

ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ, ಮುಂದೆ ಸಿ ಪ್ಲಸ್ ಪ್ಲಸ್ ಎಂದು ಹೆಸರಾದ ಭಾಷೆಯು ಈ ಹುಡುಕಾಟ ಯಾವಾಗ ನಡೆಯಬೇಕೆಂಬುದನ್ನು ವಿಧಿಸಿರಲಿಲ್ಲ. ಆ ಸಡಿಲಿಕೆಯಿಂದ ಯಂತ್ರದ ವೇಗಕ್ಕೆ ಅನುಕೂಲವೆಂಬ ಎಣಿಕೆಯಿತ್ತು. ಹೀಗಾಗಿ ಒಂದೇ ಬರಹವನ್ನು ಬೇರೆ ಬೇರೆ ಅನುವಾದಕ ತಂತ್ರಾಂಶಗಳು ಬೇರೆ ಬೇರೆಯಾಗಿ ನಡೆಸಬಹುದಿತ್ತು. 1995ರಲ್ಲಿ ಹೊರಬಂದ ಜಾವಾ ಭಾಷೆಯಾದರೋ ಎಡದಿಂದ ಬಲಕ್ಕೆ ಎಂಬ ನಿಯಮವನ್ನು ಒಪ್ಪಿಕೊಂಡಿತು. ಸ್ಟ್ರೌಸ್ಟ್ರಪ್ಪರ ಸ್ವಂತ ಗ್ರಂಥದ 4ನೆಯ ಆವೃತ್ತಿಯಲ್ಲಿ, ಎಷ್ಟೋ ತಜ್ಞರ ಕಣ್ಣು ಹಾಯ್ದ ಮೇಲೂ, ಇಂಥದೇ ಒಂದು ಉದಾಹರಣೆ ಉಳಿದಿತ್ತು. ನಿಯಮವನ್ನು ತಿದ್ದಬೇಕೆಂದವರು ಅದನ್ನೇ ಎತ್ತಿ ತೋರಿಸಿದರು. 2017ರ ನಿರ್ಣಯದಲ್ಲಿ ಸರಪಳಿಯ ಎಡಗೊಂಡಿ ಮುಗಿದ ಮೇಲೆಯೇ ಬಲಗೊಂಡಿಯ ವಿಚಾರವೆಂದು ಗೊತ್ತಾಯಿತು. ಆದರೂ ಒಂದೇ ಆಜ್ಞೆಗೆ ಒದಗಿಸುವ ಹಲವು ಬೆಲೆಗಳಲ್ಲಿ ಯಾವುದು ಮೊದಲೆಂಬುದನ್ನು ಆ ನಿರ್ಣಯ ಬಿಗಿಗೊಳಿಸಲಿಲ್ಲ.

ನಮ್ಮ ಶಾಸನಕಾರರು ಯಂತ್ರವನ್ನು ಕಂಡವರಲ್ಲ. ಅವರಿಗೆ ಇಲ್ಲದ ಹಿರಿಮೆಯನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ತಾವು ಸತ್ತ ಮೇಲೆ, ತಮ್ಮನ್ನು ಕೇಳಲಾಗದ ಓದುಗನಿಗಾಗಿ ಅವರು ಬರೆದರು. ಯಂತ್ರವೂ ಬರೆದವನನ್ನು ಕೇಳಲಾರದ ಓದುಗ. ಅಂಥ ಓದುಗನ ಮುಂದೆ ಮೊದಲು ಯಾವುದು, ಅನಂತರ ಯಾವುದು ಎಂಬುದನ್ನು ಊಹೆಗೆ ಬಿಡದೆ ಮಾತಿನ ರೂಪದಲ್ಲಿಯೇ ಕಟ್ಟಿಡುವುದು ಬರೆಯುವವನ ಹೊಣೆ.