ವಿದ್ಯುತ್ ಮಗ್ಗದ ನಿಲುಗಡೆ ಸಾಧನಗಳು

ವಿದ್ಯುತ್ ಮಗ್ಗದ ನಿಲುಗಡೆ ಸಾಧನಗಳು: ನೇಯ್ಗೆ ನಡೆಯುತ್ತಿರುವಾಗ ಲಾಳಿ ನಡುದಾರಿಯಲ್ಲಿ ಸಿಕ್ಕಿಕೊಂಡರೆ, ಹೊಕ್ಕಿನ ನೂಲು ಮುಗಿದರೆ ಇಲ್ಲವೇ ಹಾಸಿನ ಎಳೆ ಕಡಿದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಏರ್ಪಾಡುಗಳು. ಬಟ್ಟೆ, ನೂಲು, ಯಂತ್ರ ಈ ಮೂರಕ್ಕೂ ಆಗುವ ಹಾನಿಯನ್ನು ತಪ್ಪಿಸುವುದು ಇವುಗಳ ಕೆಲಸ. ವಿದ್ಯುತ್ ಮಗ್ಗದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅದು ಓಡಿದ ಕಥೆಯನ್ನು ಹೇಳುತ್ತಾರೆ. ಆದರೆ ಮಗ್ಗವನ್ನು ಓಡಿಸುವುದು ಕಲಿತ ಮೇಲೂ ಅದು ಹಲವು ದಶಕ ಹೆಚ್ಚಿನ ಲಾಭಕ್ಕೆ ಬರಲಿಲ್ಲ. ಹೊತ್ತಿಗೆ ಸರಿಯಾಗಿ ನಿಲ್ಲುವುದನ್ನು ಕಲಿತ ಮೇಲೆಯೇ ಅದು ಕೈಮಗ್ಗವನ್ನು ಹಿಂದಕ್ಕೆ ತಳ್ಳಿತು.

ಕರ್ನಾಟಕದಲ್ಲಿ ಈ ಸಾಧನಗಳನ್ನು ನೋಡಬೇಕಾದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರಕ್ಕೆ ಹೋಗಬೇಕು. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದ, ಹಿಂದೂಪುರದ ದಾರಿಯಲ್ಲಿರುವ ಈ ಊರು ರಾಜ್ಯದ ದೊಡ್ಡ ವಿದ್ಯುತ್ ಮಗ್ಗ ಕೇಂದ್ರಗಳಲ್ಲಿ ಒಂದು. ರೇಷ್ಮೆ ಮತ್ತು ಕೃತಕ ರೇಷ್ಮೆ ಸೀರೆ ಇಲ್ಲಿನ ಮುಖ್ಯ ಸರಕು. ದೇವಾಂಗ, ಪದ್ಮಶಾಲಿ ಮೊದಲಾದ ನೇಕಾರ ಸಮುದಾಯಗಳ ಕೈಮಗ್ಗದ ಕಸುಬು ಕ್ರಮೇಣ ವಿದ್ಯುತ್ತಿಗೆ ತಿರುಗಿತು. ಇಲ್ಲಿ ದೊಡ್ಡ ಗಿರಣಿಗಳಿಗಿಂತ ಮನೆಗೇ ಅಂಟಿಕೊಂಡ ಸಣ್ಣ ಘಟಕಗಳೇ ಹೆಚ್ಚು. ಮಗ್ಗ ಕೆಟ್ಟು ನಿಂತರೆ ನಷ್ಟ ಕಂಪನಿಯ ಲೆಕ್ಕಕ್ಕೆ ಹೋಗುವುದಿಲ್ಲ, ಆ ವಾರದ ಮನೆಖರ್ಚಿನಿಂದಲೇ ಕಳೆಯುತ್ತದೆ. ನಿಲುಗಡೆ ಸಾಧನದ ಬೆಲೆಯನ್ನು ಈ ಲೆಕ್ಕದಲ್ಲಿ ನೋಡಬೇಕು.

ಸೀರೆಯ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅವು ಮೇಲೆ ಕೆಳಗೆ ಎರಡು ಪದರವಾಗಿ ಬಾಯಿ ತೆರೆದಾಗ, ನಡುವಿನ ಸಂದಿಯಲ್ಲಿ ಲಾಳಿ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಹಾರುತ್ತದೆ. ಅದರ ಹಿಂದೆಯೇ ಹಣಿಗೆ ಮುಂದೆ ಬಂದು ಹೊಸ ಹೊಕ್ಕನ್ನು ಬಟ್ಟೆಗೆ ಒತ್ತುತ್ತದೆ. ಸಾದಾ ಮಗ್ಗದಲ್ಲಿ ಇದು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ನಡೆಯುತ್ತದೆ. ಲಾಳಿ ಗಟ್ಟಿಮರದ್ದು, ಅದರ ಎರಡು ತುದಿಗೂ ಲೋಹದ ಮೊನೆ. ಲಾಳಿಯನ್ನು ಹೊಡೆದು ಹಾರಿಸುವ ಪಿಕ್ಕರ್ ಸವೆದು ಹೊಡೆತ ಸಾಲದೆ ಹೋದರೆ, ಕಡಿದ ಎಳೆಯೊಂದು ಅಡ್ಡ ಬಂದರೆ ಅಥವಾ ನಡುವೆ ಕರೆಂಟು ಕೈಕೊಟ್ಟರೆ ಲಾಳಿ ಹಾಸಿನ ಮಧ್ಯೆಯೇ ಉಳಿದುಬಿಡುತ್ತದೆ. ಆಗಲೂ ಹಣಿಗೆ ತನ್ನ ಪಾಡಿಗೆ ಮುಂದೆ ಬಂದರೆ ಲಾಳಿಯನ್ನು ಬಟ್ಟೆಗೆ ಜಜ್ಜುತ್ತದೆ. ಒಂದೇ ಏಟಿಗೆ ನೂರಾರು ಎಳೆ ಹರಿಯುತ್ತವೆ, ಹಣಿಗೆಯ ಕಡ್ಡಿಗಳು ಬಾಗುತ್ತವೆ, ಕೆಲವೊಮ್ಮೆ ಲಾಳಿಯೇ ಸೀಳುತ್ತದೆ. ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ, ಗಂಟುಹಾಕಿ, ಮತ್ತೆ ಹಣಿಗೆಯಲ್ಲಿ ಪೋಣಿಸುವುದರಲ್ಲಿ ದಿನವೇ ಕಳೆಯುತ್ತದೆ. ಇಷ್ಟಾದರೂ ಗಂಟುಗಳು ಎದ್ದು ಕಾಣುವ ಆ ಸೀರೆಗೆ ಪೂರ್ತಿ ಬೆಲೆ ಸಿಗುವುದಿಲ್ಲ.

ಇದನ್ನು ತಡೆಯಲು ಎರಡು ಉಪಾಯಗಳಿವೆ. ಮೊದಲನೆಯದರಲ್ಲಿ ಹಣಿಗೆ ಬಿಗಿಯಾಗಿ ಕೂತಿರುತ್ತದೆ. ಲಾಳಿ ಪೆಟ್ಟಿಗೆಯೊಳಗೆ ಸರಿಯಾಗಿ ಬಂದು ಕೂತಾಗ ಅಲ್ಲಿನ ಪಟ್ಟಿಯೊಂದನ್ನು ಹೊರಕ್ಕೆ ಒತ್ತುತ್ತದೆ. ಆ ಒತ್ತಡ ಒಂದು ಸರಳಿನ ಮೂಲಕ ಸಾಗಿ, ಅದಕ್ಕೆ ಜೋಡಿಸಿದ ಉಕ್ಕಿನ ನಾಲಗೆಯನ್ನು ಮೇಲೆತ್ತುತ್ತದೆ. ಲಾಳಿ ಬಂದು ತಲುಪದಿದ್ದರೆ ನಾಲಗೆ ಏಳುವುದಿಲ್ಲ. ಹಣಿಗೆಯನ್ನು ಹೊತ್ತು ಮುಂದೆ ಬರುತ್ತಿರುವ ಹಲಗೆಯ ಜೊತೆಗೇ ಸಾಗಿ ಚೌಕಟ್ಟಿನ ಉಕ್ಕಿನ ತುಂಡಿಗೆ ಬಡಿದು, ಇಡೀ ಮಗ್ಗವನ್ನು ಢಣ್ಣನೆ ನಿಲ್ಲಿಸುತ್ತದೆ. ಲಾಳಿ ಉಳಿಯುತ್ತದೆ, ಹಾಸು ಉಳಿಯುತ್ತದೆ. ಆದರೆ ಅಷ್ಟೂ ವೇಗವನ್ನು ಚೌಕಟ್ಟು ನುಂಗಬೇಕಾದ್ದರಿಂದ ಎರಕದ ಭಾಗಗಳು ಬಿರುಕು ಬಿಡುವುದುಂಟು. ಎರಡನೆಯ ಉಪಾಯ ಹಗುರ ಬಟ್ಟೆಗೆ ಹೇಳಿಮಾಡಿಸಿದ್ದು. ಇಲ್ಲಿ ಹಣಿಗೆಯ ಕೆಳಅಂಚನ್ನು ಸ್ಪ್ರಿಂಗಿನಿಂದ ಸಡಿಲವಾಗಿ ಹಿಡಿದಿರುತ್ತಾರೆ. ಲಾಳಿ ಅಡ್ಡ ಸಿಕ್ಕರೆ ಹಣಿಗೆ ತಾನೇ ಹಿಂದಕ್ಕೆ ಮಡಚಿಕೊಂಡು, ಅದೇ ಚಲನೆಯಲ್ಲಿ ಚಾಲೂ ಹಿಡಿಕೆಯನ್ನು ತಳ್ಳಿಹಾಕುತ್ತದೆ. ಎದುರು ನಿಂತು ಹೊಡೆತ ತಿನ್ನುವುದಕ್ಕಿಂತ ಸರಿದುಕೊಳ್ಳುವುದು ಜಾಣತನವೆಂದು ಬಗೆದ ಏರ್ಪಾಡು ಇದು. ದಪ್ಪ ಬಟ್ಟೆಯ ಭಾರೀ ಹೊಡೆತಕ್ಕೆ ಮಾತ್ರ ಸಡಿಲ ಹಣಿಗೆ ತಾಳದು.

ಕೈಮಗ್ಗಕ್ಕೆ ಇವು ಯಾವುದೂ ಬೇಕಿರಲಿಲ್ಲ. ಜಾನ್ ಕೇ 1733ರಲ್ಲಿ ಹಾರುವ ಲಾಳಿಯನ್ನು ತಂದ ಮೇಲೂ ಹಗ್ಗ ಎಳೆಯುವುದು, ಹಣಿಗೆ ಹೊಡೆಯುವುದು ನೇಕಾರನ ಕೈಯೇ ಆಗಿತ್ತು. ಲಾಳಿ ಸಿಕ್ಕಿಕೊಂಡರೆ ಕೈಗೆ ತಿಳಿಯುತ್ತಿತ್ತು, ಕೈ ನಿಲ್ಲುತ್ತಿತ್ತು. 1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಎಂಬ ಪಾದ್ರಿ ತನ್ನ ಮೊದಲ ಯಾಂತ್ರಿಕ ಮಗ್ಗಕ್ಕೆ ಪೇಟೆಂಟ್ ಪಡೆದಾಗ ಈ ಅರಿವು ಯಂತ್ರದಿಂದ ಕಳಚಿಹೋಯಿತು. ಅದಕ್ಕೆ ಮುಂಚೆ ನೇಯುವುದನ್ನೇ ಸರಿಯಾಗಿ ನೋಡಿರದ ಮನುಷ್ಯ ಅವನು. ಮೊದಲ ಮಗ್ಗ ಇಬ್ಬರು ಬಲವಂತರೂ ಹೆಚ್ಚು ಹೊತ್ತು ನಡೆಸಲಾರದಷ್ಟು ಭಾರವಾಗಿತ್ತೆಂದು ಅವನೇ ಒಪ್ಪಿಕೊಂಡಿದ್ದಾನೆ. ಮುಂದಿನ ಪೇಟೆಂಟುಗಳಲ್ಲಿ ನೂಲು ಕಡಿದಾಗ ಮಗ್ಗ ನಿಲ್ಲಿಸುವ ಪ್ರಯತ್ನ ಕಾಣುತ್ತದೆ, ಆದರೆ ಅದು ಕೆಲಸಕ್ಕೆ ಬರುವ ಮಟ್ಟ ಮುಟ್ಟಲಿಲ್ಲ. ಲಾಳಿ ಪೆಟ್ಟಿಗೆ ಸೇರದಿದ್ದರೆ ಮಗ್ಗವನ್ನು ನಿಲ್ಲಿಸುವ ಸರಳು ಸ್ಕಾಟ್ಲೆಂಡಿನ ರಾಬರ್ಟ್ ಮಿಲ್ಲರ್ 1796ರಲ್ಲಿ ಪಡೆದ ಪೇಟೆಂಟಿಗೆ ಸೇರಿದ್ದು. ಇಂದಿನ ಲಾಳಿ ಮಗ್ಗದಲ್ಲಿರುವ ಉಕ್ಕಿನ ನಾಲಗೆ ಅದರದೇ ವಂಶ.

ಹೊಕ್ಕು ಕಡಿದುದನ್ನು ಕಂಡುಹಿಡಿಯುವ ಸಾಧನ 1834ರದು. ಟಾಡ್‌ಮಾರ್ಡನ್ ಊರಿನ ಜಾನ್ ರ್‍ಯಾಮ್ಸ್‌ಬಾಟಮ್ ಮತ್ತು ರಿಚರ್ಡ್ ಹೋಲ್ಟ್ ಇದಕ್ಕೆ ಪೇಟೆಂಟ್ ಪಡೆದರು. ರ್‍ಯಾಮ್ಸ್‌ಬಾಟಮ್ ಮುಂದೆ ರೈಲು ಎಂಜಿನುಗಳ ತಜ್ಞನಾಗಿ ಹೆಸರುಮಾಡಿದವನು. ಸಾಧನ ತೀರ ಸರಳ: ತೆಳ್ಳನೆಯ ಮುಳ್ಳುಚಮಚದಂಥ ಕೊಕ್ಕೆ, ಹಣಿಗೆಯ ಪಕ್ಕದ ಕಿಂಡಿಯ ಎದುರು ನಿಂತಿರುತ್ತದೆ. ಹೊಕ್ಕಿನ ನೂಲು ಅಡ್ಡವಿದ್ದರೆ ಅದು ಕೊಕ್ಕೆಯನ್ನು ವಾಲಿಸುತ್ತದೆ, ಮಗ್ಗ ಮುಂದುವರಿಯುತ್ತದೆ. ನೂಲು ಇಲ್ಲದಿದ್ದರೆ ಕೊಕ್ಕೆ ಕಿಂಡಿಯೊಳಗೆ ತೂರಿ, ಅದರ ಬಾಲ ಒಂದು ಸನ್ನೆಗೆ ಸಿಕ್ಕಿ, ಹಿಡಿಕೆ ಕಳಚುತ್ತದೆ. ಕೆಲವು ಗ್ರಾಮಿನ ಈ ತಂತಿ ಇಲ್ಲದಿದ್ದಾಗ, ಲಾಳಿಯೊಳಗಿನ ಕಂಡಿಕೆಯಲ್ಲಿ ನೂಲು ಮುಗಿದರೂ ಮಗ್ಗ ಖಾಲಿ ಲಾಳಿಯನ್ನೇ ಎಸೆಯುತ್ತ ಹೊಕ್ಕಿಲ್ಲದ ಪಟ್ಟೆಯನ್ನು ಹಾಕುತ್ತಿತ್ತು. 1840ರ ದಶಕದ ಆರಂಭದಲ್ಲಿ ಬ್ಲ್ಯಾಕ್‌ಬರ್ನ್‌ನ ವಿಲಿಯಂ ಕೆನ್‌ವರ್ದಿ ಮತ್ತು ಜೇಮ್ಸ್ ಬುಲ್ಲೊ ಇಂಥ ಸುಧಾರಣೆಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿದರು. ಲ್ಯಾಂಕಷೈರ್ ಮಗ್ಗವೆಂದು ಪ್ರಸಿದ್ಧವಾದ ಅದನ್ನು ಒಬ್ಬ ನೇಕಾರ ನಾಲ್ಕರ ತನಕ ನೋಡಿಕೊಳ್ಳಬಹುದಾಯಿತು. ಒಬ್ಬನ ಪಾಲಿಗೆ ಎಷ್ಟು ಮಗ್ಗ ಎಂಬುದನ್ನು ಅಲ್ಲಿಂದಾಚೆಗೆ ನಿರ್ಧರಿಸಿದ್ದು ಮೋಟಾರಿನ ಶಕ್ತಿಗಿಂತ ಹೆಚ್ಚಾಗಿ ನಿಲುಗಡೆ ಸಾಧನವೇ.

ಈ ಕಥೆಗೆ ಸಂಗೀತದ ನಂಟೂ ಇದೆ. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಕೂತು ಸೆರಗು, ಅಂಚುಗಳ ಚಿತ್ತಾರವನ್ನು ನಿಯಂತ್ರಿಸುವ ಜಕಾರ್ಡ್ ಯಂತ್ರದ ಮೂಲ ಹುಡುಕುತ್ತ ಹೋದರೆ ಸಿಗುವುದು ಫ್ರಾನ್ಸಿನ ಲಿಯೋನ್ ನಗರದ ಬಾಸಿಲ್ ಬುಶೋನ್. ಆರ್ಗನ್ ವಾದ್ಯ ತಯಾರಿಸುವವನ ಮಗನಾದ ಇವನು 1725ರಲ್ಲಿ ತೂತುಹಾಕಿದ ಕಾಗದದ ಸುರುಳಿಯಿಂದ ಹಾಸಿನ ಎಳೆಗಳನ್ನು ಆಯುವ ವಿಧಾನ ಕಂಡುಹಿಡಿದ. 1738ರಲ್ಲಿ ಕೊಳಲೂದುವ ಯಂತ್ರಗೊಂಬೆಯನ್ನು ಪ್ಯಾರಿಸ್ಸಿಗೆ ತೋರಿಸಿದ ಜಾಕ್ ದ ವೋಕಾನ್ಸನ್, ರೇಷ್ಮೆ ಉದ್ಯಮದ ಸರ್ಕಾರಿ ಪರಿವೀಕ್ಷಕನಾಗಿ 1745ರ ಹೊತ್ತಿಗೆ ಸ್ವಯಂಚಾಲಿತ ಮಗ್ಗವನ್ನು ರೂಪಿಸಿದ. ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ಪೂರೈಸಿದ್ದು ಈ ಎಲ್ಲರ ಕೆಲಸವನ್ನು. ಶತಮಾನದ ಕೊನೆಗೆ ತೂತುಪಟ್ಟಿ ಮತ್ತೆ ಸಂಗೀತಕ್ಕೆ ಮರಳಿತು: 1892ರಲ್ಲಿ ಗಾವಿಯೋಲಿ ಸಂಸ್ಥೆ ಜಾತ್ರೆಯ ಆರ್ಗನ್ನುಗಳಿಗೆ ಮಡಿಕೆ ಮಡಿಕೆಯಾದ ರಟ್ಟಿನ ಪುಸ್ತಕವನ್ನು ತಂದಿತು.

ಜಿನೀವಾದ ಆಂಟ್ವಾನ್ ಫಾವ್ರ್ 1796ರಲ್ಲಿ ಉಕ್ಕಿನ ಹಲ್ಲುಗಳನ್ನು ಮೀಟುವ ಸಂಗೀತ ಯಂತ್ರವನ್ನು ರಚಿಸಿದ. ಮಿಲ್ಲರನ ಪೇಟೆಂಟಿನ ವರ್ಷವೂ ಅದೇ ಎಂಬುದು ಕಾಕತಾಳೀಯ. ಅದರಿಂದ ಬೆಳೆದ ಸಂಗೀತ ಪೆಟ್ಟಿಗೆಗೂ ಮಗ್ಗದ್ದೇ ಭಯ. ಸುತ್ತಿದ ಸ್ಪ್ರಿಂಗಿನ ಬಲವನ್ನು ಒಂದು ತಿರುಪು ಮತ್ತು ಗಾಳಿರೆಕ್ಕೆ ಹಿಡಿದಿಟ್ಟಿರುತ್ತವೆ. ಆ ಹಿಡಿತ ತಪ್ಪಿದರೆ ಉರುಳೆ ಕ್ಷಣದಲ್ಲಿ ಗಿರ್ರನೆ ಸುತ್ತಿ, ಸಾವಿರಾರು ಸೂಜಿಮೊನೆಗಳು ಬಾಗಿ, ಬಾಚಣಿಗೆಯ ಹಲ್ಲುಗಳು ಮುರಿದು ಬೀಳುತ್ತವೆ. ಸ್ವಿಟ್ಜರ್ಲೆಂಡಿನ ಸೇಂಟ್ ಕ್ರಾ ಊರಿನ ಮೆರ್ಮೊ ಸೋದರರ ಪೆಟ್ಟಿಗೆಗಳಲ್ಲಿ ಇದಕ್ಕಾಗಿ ಜಾಕೊ ಸೇಫ್ಟಿ ಚೆಕ್ ಎಂಬ ತಡೆಯನ್ನು ಅಳವಡಿಸುತ್ತಿದ್ದರು. ವೇಗ ಮಿತಿಮೀರಿದೊಡನೆ ಚಕ್ರವನ್ನು ಹಿಡಿದು ನಿಲ್ಲಿಸುವ ಸಾಧನ ಅದು. ಇದಕ್ಕೂ ಮಗ್ಗದ ತಡೆಗೂ ಒಂದು ವ್ಯತ್ಯಾಸವಿದೆ. ಸಂಗೀತ ಪೆಟ್ಟಿಗೆಯ ತಡೆ ಬಹುಶಃ ಅದರ ಜೀವಮಾನದಲ್ಲಿ ಒಮ್ಮೆಯೂ ಕೆಲಸ ಮಾಡದೆ ಕಾಯುತ್ತ ಕೂತಿರಬಹುದು; ಮಗ್ಗದ್ದು ನಿತ್ಯದ ಪಾಳಿಯಲ್ಲೇ ಪರೀಕ್ಷೆಗೆ ಒಳಗಾಗುತ್ತದೆ.

ಮಗ್ಗದ ಮೂರನೆಯ ನಿಲುಗಡೆ ಸಾಧನ, ಹಾಸಿನ ಎಳೆಯ ಕಾವಲು, ಬಹಳ ತಡವಾಗಿ ಬಂತು. ಕಾರಣ ಸ್ಪಷ್ಟ: ಹೊಕ್ಕು ಒಂದೇ ಎಳೆ, ಹಾಸು ಸಾವಿರಾರು. ಪ್ರತಿ ಎಳೆಗೂ ಒಂದೊಂದು ತೆಳು ಉಕ್ಕಿನ ಪಟ್ಟಿ ನೇತುಹಾಕಿ, ಎಳೆ ಕಡಿದಾಗ ಪಟ್ಟಿ ಕೆಳಗೆ ಬಿದ್ದು ಮಗ್ಗ ನಿಲ್ಲುವಂತೆ ಮಾಡಬೇಕಿತ್ತು. 1890ರ ದಶಕದಲ್ಲಿ ಅಮೆರಿಕದ ಡ್ರೇಪರ್ ಕಂಪನಿ ಮಾರುಕಟ್ಟೆಗೆ ಬಿಟ್ಟ ನಾರ್ತ್ರಪ್ ಮಗ್ಗದಲ್ಲಿ ಕಂಡಿಕೆ ತಾನಾಗಿ ಬದಲಾಗುವ ವ್ಯವಸ್ಥೆಯ ಜೊತೆ ಇದೂ ಇತ್ತು. ಜಪಾನಿನ ಸಕಿಚಿ ಟೊಯೊಡ 1896ರಲ್ಲೇ ಹೊಕ್ಕು ಕಡಿದರೆ ನಿಲ್ಲುವ ಮಗ್ಗ ಮಾಡಿದ್ದ. 1924ರ ಅವನ ಜಿ ಮಾದರಿಯ ಮಗ್ಗ ತಪ್ಪು ಕಂಡಲ್ಲೆಲ್ಲ ತಾನೇ ನಿಲ್ಲುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕೊಂಡುಕೊಂಡಿತು. ತಪ್ಪಾದರೆ ಕೂಡಲೆ ನಿಲ್ಲಿಸು ಎಂಬ ಅದೇ ನಿಯಮ ಆ ಮನೆತನದ ಟೊಯೋಟ ಕಾರು ಕಾರ್ಖಾನೆಗಳ ಆಧಾರಸೂತ್ರವಾಯಿತು. ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ಕಾರು ಜೋಡಿಸುವವರು ಪಾಲಿಸುವ ನಿಯಮ ನೇಯ್ಗೆಯಿಂದ ಬಂದದ್ದೆಂದು ನೇಕಾರರು ಹೆಮ್ಮೆಪಡಬಹುದು.

ಮೈಸೂರು ಸಂಸ್ಥಾನದಲ್ಲಿ ಯಾಂತ್ರಿಕ ನೇಯ್ಗೆ ಗಿರಣಿಗಳ ಮೂಲಕ ಬಂತು. ಬಿನ್ನಿ ಗಿರಣಿಯೆಂದು ಜನ ಕರೆದ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ 1880ರ ದಶಕದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಶುರುವಾಯಿತು. ದೊಡ್ಡಬಳ್ಳಾಪುರದ ದಾರಿ ಬೇರೆ. ಮನೆಯವರೇ ಸಾಲ ಮಾಡಿ ಕೊಂಡ ಸಾದಾ ಮಗ್ಗಗಳಿಂದ ಇಲ್ಲಿನ ಉದ್ಯಮ ಬೆಳೆಯಿತು. ಸಾದಾ ಮಗ್ಗದಲ್ಲಿ ಲಾಳಿಯ ತಡೆ ಇರುತ್ತದೆ, ಅದಿಲ್ಲದೆ ನೇಯಲಾಗದು. ಹಾಸಿನ ಕಾವಲು ಸಾಮಾನ್ಯವಾಗಿ ಇರುವುದಿಲ್ಲ. ಆ ಜಾಗದಲ್ಲಿ ದುಡಿಯುವುದು ನೇಕಾರನ ಕಣ್ಣು. ಅವನು ಮಗ್ಗ ಬಿಟ್ಟು ಆಚೆ ಹೋಗಲಾರ, ಹೆಚ್ಚು ಮಗ್ಗ ನೋಡಲೂ ಆರ.

ಈ ಕೊರತೆ ದೇಶದ ಸಾದಾ ಮಗ್ಗಗಳೆಲ್ಲದರದು. ಕೇಂದ್ರ ಜವಳಿ ಸಚಿವಾಲಯ 2017ರ ಏಪ್ರಿಲ್ 1ರಂದು ಆರಂಭಿಸಿದ ಪವರ್‌ಟೆಕ್ಸ್ ಇಂಡಿಯಾ ಯೋಜನೆಯಲ್ಲಿ, ಇರುವ ಮಗ್ಗವನ್ನು ಇದ್ದಲ್ಲೇ ಮೇಲ್ದರ್ಜೆಗೆ ಏರಿಸಲು ಸಹಾಯಧನವಿತ್ತು. ಹಾಸಿನ ನಿಲುಗಡೆ, ಹೊಕ್ಕಿನ ನಿಲುಗಡೆ, ಉತ್ತಮ ಬ್ರೇಕು, ಬಟ್ಟೆಯಲ್ಲಿ ಬಿರುಕುಪಟ್ಟೆ ಬೀಳದಂತೆ ತಡೆಯುವ ಸಾಧನ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಪೇಟೆಂಟ್ ಆಗಿ ಶತಮಾನವೇ ಕಳೆದ ಉಪಕರಣಕ್ಕೆ 21ನೇ ಶತಮಾನದಲ್ಲಿ ಸಹಾಯಧನ ಕೊಡಬೇಕಾಗಿ ಬಂದುದು ವಿಚಿತ್ರವೆನಿಸಿದರೂ ಯೋಜನೆಯ ದಿಕ್ಕು ಸರಿಯಾಗಿತ್ತು. ಹೊಸ ಮಗ್ಗ ಕೊಳ್ಳಲಾಗದ ಮನೆಗೆ ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ. ಅಷ್ಟರಲ್ಲಿ ಪೈಪೋಟಿ ಬೇರೆ ಕಡೆಯಿಂದ ಬಂದಿತ್ತು. ಸೂರತ್ತಿನ ವೇಗದ ಮಗ್ಗಗಳಲ್ಲಿ ನೇಯ್ದ ಅಗ್ಗದ ಸೀರೆಗಳು ತಮ್ಮ ಮಾರುಕಟ್ಟೆ ಕಸಿಯುತ್ತಿವೆ ಎಂಬುದು ದೊಡ್ಡಬಳ್ಳಾಪುರದ ನೇಕಾರರ ದೂರು. ಅಂಥ ವೇಗದ ಮಗ್ಗಗಳಲ್ಲಿ ಒಂದಾದ ರೇಪಿಯರ್ ಮಗ್ಗದಲ್ಲಿ ಲಾಳಿಯೇ ಇಲ್ಲ, ಹೊಕ್ಕನ್ನು ಲೋಹದ ಕೈ ಒಯ್ಯುತ್ತದೆ. ಮಿಲ್ಲರನ ಸರಳಿಗೂ ಸಡಿಲ ಹಣಿಗೆಗೂ ಅಲ್ಲಿ ಕೆಲಸವಿಲ್ಲ. ಹಾಸು, ಹೊಕ್ಕುಗಳ ಕಾವಲು ಮಾತ್ರ ವಿದ್ಯುನ್ಮಾನ ರೂಪದಲ್ಲಿ ಉಳಿದಿದೆ.

ಮೇಲೆ ಹೇಳಿದ ಸಾಧನಗಳಲ್ಲಿ ಮನುಷ್ಯನನ್ನು ಕಾಯುವುದು ಒಂದೂ ಇಲ್ಲ. ಮಗ್ಗದಿಂದ ಹೊರಕ್ಕೆ ಸಿಡಿದ ಲಾಳಿ ಕಣ್ಣು, ಮುಖಕ್ಕೆ ಬಡಿಯುವ ಅಪಾಯ ಹಾರುವ ಲಾಳಿಯಷ್ಟೇ ಹಳೆಯದು. ಅದಕ್ಕೆ ತಡೆ ಹಣಿಗೆಯ ಮುಂದೆ ಹಾಯಿಸಿದ ಒಂದು ಕಬ್ಬಿಣದ ಸರಳು, ಅಷ್ಟೆ. ಯಂತ್ರಗಳಿಗೆ ಬೇಲಿ ಹಾಕಬೇಕೆಂದ 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸುವಲ್ಲಿ 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಅನ್ವಯಿಸುತ್ತಿತ್ತು. ಎರಡು, ನಾಲ್ಕು ಮಗ್ಗಗಳ ಮನೆಯಂಗಳ ಅದರ ಹೊರಗೇ ಉಳಿಯಿತು. ಮಗ್ಗಕ್ಕೆ ಹೊಸ ಸಾಧನ ಕೂರಿಸುವವರು ಮೊದಲು ಈ ಸರಳನ್ನು ಕೂರಿಸಬೇಕು.